ಡ್ರೈವರ್ ಕೊಟ್ಟರೆ ಸಾಲದು, ಕರ್ನಲ್ಲಿಗೆ ಸೇರಿಸಿ

ಸಂಪಾದಕರಿಗೆ ನಮಸ್ಕಾರ.

ಬದಿಯಡ್ಕದ ಹತ್ತಿರ ನಮ್ಮೂರ ವಾಚನಾಲಯದಲ್ಲಿ ಎರಡು ಹಳೇ ಕಂಪ್ಯೂಟರ್ ಇವೆ, ಎರಡರಲ್ಲೂ ವಿಂಡೋಸ್ ಬದಲು ಲಿನಕ್ಸ್. ಕೇರಳದ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದೇ ಸರಕಾರದ ಕೈಟ್ ಸಂಸ್ಥೆಯವರ ಗ್ನೂ ಲಿನಕ್ಸಿನಲ್ಲಿ, ಹಾಗಾಗಿ ಇಲ್ಲಿ ಅದು ಯಾರಿಗೂ ಹೊಸತಲ್ಲ. ಕನ್ನಡ ಮಾಧ್ಯಮದ ಮಕ್ಕಳು ಬಂದು ತಾವೇ ಆನ್ ಮಾಡಿ ಕೂರುತ್ತಾರೆ.

ಈ ಮಳೆಗಾಲದ ಮೊದಲು ಒಂದಕ್ಕೆ ವೈಫೈ ಡಾಂಗಲ್ ತಂದೆವು. ಪೆಟ್ಟಿಗೆ ಮೇಲೆ ಲಿನಕ್ಸಿಗೂ ಆಗುತ್ತದೆ ಅಂತ ಇತ್ತು, ಒಳಗೆ ಡ್ರೈವರಿನ, ಅಂದರೆ ಡಾಂಗಲನ್ನು ನಡೆಸುವ ತಂತ್ರಾಂಶದ, ಒಂದು ಪುಟ್ಟ ಸಿಡಿ. ಸಿಡಿ ಹಾಕಲು ಜಾಗವೇ ಇಲ್ಲ, ಅದಕ್ಕೆ ಕಂಪನಿಯ ಸೈಟಿನಿಂದ ಅದರ ಕೋಡಿನ ಜಿಪ್ ಇಳಿಸಿ, ಕಂಪೈಲ್ ಮಾಡಿ, ಅಂದರೆ ಓಡುವ ರೂಪಕ್ಕೆ ತಂದು, ಕೂರಿಸಿದೆ. ಚೆನ್ನಾಗಿಯೇ ನಡೆಯಿತು. ಎರಡು ತಿಂಗಳಾದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆಯಿತು ನೋಡಿ, ಡಾಂಗಲಿನ ನೀಲಿ ದೀಪ ಮತ್ತೆ ಉರಿಯಲೇ ಇಲ್ಲ. ಪುನಃ ಕಂಪೈಲ್ ಮಾಡಲು ಹೋದರೆ ಪರದೆ ತುಂಬ ಎರರ್. ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಕೊನೆಯ ದಿನ ಅಂತ ಬಂದಿದ್ದ ಹುಡುಗಿಗೆ ನನ್ನ ಮೊಬೈಲನ್ನೇ ವಯರಿನಲ್ಲಿ ಸಿಕ್ಕಿಸಿ ಕೆಲಸ ಮುಗಿಸಿಕೊಟ್ಟೆ. ಪಕ್ಕದ ಕಂಪ್ಯೂಟರಿಗೆ ಅದೇ ದಿನ ಅದೇ ಅಪ್‌ಡೇಟ್ ಬಂದಿತ್ತು, ಅದರ ಹಳೇ ಇಂಟೆಲ್ ಲ್ಯಾನ್ ಕಾರ್ಡಿಗೆ ಏನೂ ಆಗಲಿಲ್ಲ.

ಯಾಕೆ ಅಂದರೆ ಆ ಕಾರ್ಡಿನ ಡ್ರೈವರ್ ಕರ್ನಲ್ಲಿನ ಒಳಗೇ ಇದೆ. ಕರ್ನಲ್ಲಿನ ಒಳಗಿನ ಫಂಕ್ಷನ್‌ಗಳು, ಅಂದರೆ ಡ್ರೈವರುಗಳು ಕರೆದು ಬಳಸುವ ಕೋಡಿನ ತುಂಡುಗಳು, ಸದಾ ಹೀಗೇ ಇರುತ್ತವೆ ಅಂತ ಅದನ್ನು ಕಟ್ಟುವವರು ಯಾರಿಗೂ ಮಾತು ಕೊಟ್ಟಿಲ್ಲ. ಆದರೆ ಒಂದನ್ನು ಬದಲಿಸಿದವರು ಅದನ್ನು ಬಳಸುವ ಒಳಗಿನ ಡ್ರೈವರುಗಳನ್ನೆಲ್ಲ ತಾವೇ ತಿದ್ದಬೇಕು, ಅದು ಅಲ್ಲಿನ ಪದ್ಧತಿ. ಉದಾಹರಣೆಗೆ, 2018ರಲ್ಲಿ ಬಂದ ಕರ್ನಲ್ 4.15ರಲ್ಲಿ ಟೈಮರ್ ಹಾಕುವ ಹಳೇ ವಿಧಾನವನ್ನು ತೆಗೆದರು. ಒಳಗಿದ್ದ ಡ್ರೈವರುಗಳನ್ನು ಅವರೇ ಸರಿ ಮಾಡಿದರು. ಹೊರಗೆ ಜಿಪ್ಪಿನಲ್ಲಿದ್ದು ಹಳೇ ವಿಧಾನವನ್ನೇ ನಂಬಿದ್ದವು ಕಂಪೈಲ್ ಆಗದೆ ಕೂತವು. ಹೊಸ ಕರ್ನಲ್ ಒಂಬತ್ತು ಹತ್ತು ವಾರಕ್ಕೊಂದು ಬರುತ್ತದೆ, ಅಷ್ಟು ಸಲ ಜಿಪ್ ತಿದ್ದುವ ತಾಳ್ಮೆ ಯಾವ ಕಂಪನಿಗೆ ಇದೆ?

ಕಂಪನಿಗಳಿಗೆ ಡ್ರೈವರನ್ನು ಕರ್ನಲ್ಲಿಗೆ ಸೇರಿಸುವುದು ಸುಲಭದ ಕೆಲಸ ಅಲ್ಲ, ಒಪ್ಪುತ್ತೇನೆ. ವಿಂಡೋಸಿಗೂ ಆಗಬೇಕು, ಇದಕ್ಕೂ ಆಗಬೇಕು ಅಂತ ನಡುವೆ ಪದರದ ಮೇಲೆ ಪದರ ಹಾಕಿ ಬರೆದ ಕೋಡನ್ನು ಅಲ್ಲಿ ತಗೊಳ್ಳುವುದಿಲ್ಲ. ಚಿಕ್ಕ ಚಿಕ್ಕ ಪ್ಯಾಚ್ (ಕೋಡಿನ ಬದಲಾವಣೆ) ಮಾಡಿ, ಕೆಳಗೆ ಹೆಸರು ಹಾಕಿ ಕಳಿಸಬೇಕು, ಎಲ್ಲರೆದುರು ತಪ್ಪು ತೋರಿಸಿದರೆ ತಿದ್ದಿ ಪುನಃ ಕಳಿಸಬೇಕು. ತಿಂಗಳುಗಟ್ಟಲೆ ಹಿಡಿದರೂ ಹಿಡಿಯಬಹುದು. ಆದರೆ ಚಿಪ್ಪಿನ ಗುಟ್ಟು ಬಿಟ್ಟುಕೊಡಲು ಆಗುವುದಿಲ್ಲ ಅಂತ ಕಂಪನಿಗಳು ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಚಿಪ್ಪಿನೊಳಗೆ ಓಡುವ ಫರ್ಮ್‌ವೇರನ್ನು ಎಲ್ಲರೂ ಹಂಚಬಹುದು ಅಂತ ಅನುಮತಿ ಕೊಟ್ಟು, ಸೋರ್ಸ್ (ಮೂಲ ಕೋಡ್) ಇಲ್ಲದೆ ಬೇರೆಯಾಗಿ ಇಡಲು ದಾರಿ ಇದೆಯಲ್ವಾ? ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳಿಗೆ ಒಂದು ಕಾಲದಲ್ಲಿ ಸ್ವಯಂಸೇವಕರು ಚಿಪ್ಪನ್ನು ಕೆದಕಿ ಕೆದಕಿ ಡ್ರೈವರ್ ಬರೆಯಬೇಕಾಯಿತು. 2010ರಲ್ಲಿ ಆ ಕಂಪನಿಯೇ ತನ್ನ ವೈಫೈ ಡ್ರೈವರಿನ ಕೋಡ್ ಕೊಟ್ಟಿತು, ಅದು ಕರ್ನಲ್ಲಿಗೂ ಸೇರಿತು.

ಕೆಲವು ಸಲ ಡ್ರೈವರ್ ಆಗಲೇ ಒಳಗಿರುತ್ತದೆ, ಹೊಸ ಡಾಂಗಲಿನ ಐಡಿ ನಂಬರ್ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಒಂದು ಸಾಲು ಸೇರಿಸಿದರೆ ಮುಗಿಯಿತು. ಆ ಒಂದು ಸಾಲನ್ನೂ ಕಳಿಸದೆ ಮಾರುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು.

ನಮ್ಮ ಕಾಸರಗೋಡಿನ ಎಷ್ಟೋ ಮಕ್ಕಳು ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಇದೇ ಕೆಲಸದಲ್ಲಿದ್ದಾರೆ. ದಯವಿಟ್ಟು ನಿಮ್ಮ ಮೀಟಿಂಗಿನಲ್ಲಿ ಈ ಮಾತು ಎತ್ತಿ. ಶಾಲೆಗೆ, ಪಂಚಾಯತಿಗೆ, ವಾಚನಾಲಯಕ್ಕೆ ಸಾಮಾನು ತರುವವರು ಅಂಗಡಿಯಲ್ಲಿ ಒಂದು ಮಾತು ಕೇಳಿ: ಇದರ ಡ್ರೈವರ್ ಕರ್ನಲ್ಲಿನಲ್ಲೇ ಇದೆಯಾ? ಪೆಟ್ಟಿಗೆ ಮೇಲಿನ ಹೆಸರು ನೋಡಿ ತರಬೇಡಿ, ಅದೇ ಹೆಸರಿನ ಡಾಂಗಲಿನ ಎರಡನೇ ವರ್ಷನ್ನಿನಲ್ಲಿ ಚಿಪ್ಪೇ ಬೇರೆ ಇರಬಹುದು.

ಇತಿ,
ಒಬ್ಬ ಓದುಗ, ಬದಿಯಡ್ಕ