ಬರ್ಟ್ ವಿಲಿಯಮ್ಸ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲ ಸಾಲಿನಿಂದಲೇ ಅಮೆರಿಕದ ರಂಗದ ಕಪ್ಪು ಹಾಸ್ಯನಟ ಬರ್ಟ್ ವಿಲಿಯಮ್ಸ್‌ಗಾಗಿ ಮರುಗಿದ್ದೀಯ. ಮರುಗುವುದು ತಪ್ಪಲ್ಲ. ಆದರೆ ಅವನು ಜನರನ್ನು ಹೇಗೆ ನಗಿಸುತ್ತಿದ್ದ ಅನ್ನೋದು ಕೊನೆಯ ಪುಟಕ್ಕೆ ಬಂದರೂ ನನಗೆ ಗೊತ್ತಾಗಲಿಲ್ಲ.

1916ರ ಅವನ ಮೂಕಿ ಚಿತ್ರವೊಂದು ಉಳಿದಿದೆ. ಅದರಲ್ಲಿ ಅವನ ಪೋಕರ್ ಆಟವನ್ನು ನೋಡು. ಕೈಯಲ್ಲಿ ಇಸ್ಪೀಟ್ ಎಲೆ ಇಲ್ಲ, ಎದುರಿಗೆ ಆಡುವವರಿಲ್ಲ. ಆದರೂ ಎಲೆ ಹಂಚುತ್ತಾನೆ, ತನ್ನದನ್ನು ಎತ್ತಿ ನೋಡುತ್ತಾನೆ, ಮುಖ ಅರಳುತ್ತದೆ. ಆಮೇಲೆ ಅದೇ ಮುಖ ಬಾಡುತ್ತದೆ. ಅವನು ಸೋತದ್ದು ಯಾರೂ ಹೇಳದೆ ನಮಗೆ ತಿಳಿಯುತ್ತದೆ. ಅಲ್ಲಲ್ಲಿ ನಿಲ್ಲಿಸಿ, ಕೈ ಕಣ್ಣು ಎರಡನ್ನೂ ಗಮನಿಸಿ ಬರೆದುಕೋ.

ಇನ್ನು ಮಸಿಯ ವಿಷಯ. ಮಿನ್‌ಸ್ಟ್ರೆಲ್ ಎಂಬ ಹಾಡು-ಹಾಸ್ಯದ ಆಟಗಳಲ್ಲಿ ಬಿಳಿಯರು ಸುಟ್ಟ ಕಾರ್ಕಿನ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದರು. ಬಹಾಮಾಸ್‌ನಲ್ಲಿ 1874ರಲ್ಲಿ ಹುಟ್ಟಿದ ಈ ಕಪ್ಪು ನಟನೂ ಅದೇ ಮಸಿ ಬಳಿದುಕೊಂಡ. ನೀನು ಅದನ್ನು ಅವಮಾನ ಎಂದು ಬರೆದು ಮುಂದೆ ಹೋಗಿದ್ದೀಯ. ಅವಮಾನ ಹೌದು. ಆದರೆ ತನ್ನನ್ನು ಬೇರೊಬ್ಬನಂತೆ ನೋಡಲು ಕಲಿತ ಮೇಲೆಯೇ ತನ್ನೊಳಗಿನ ಹಾಸ್ಯ ಬೆಳೆಯಿತು ಎಂದು 1918ರಲ್ಲಿ ಅವನೇ ಬರೆದಿದ್ದಾನೆ. ಈ ಮಾತು ನಿನಗೆ ಇರುಸುಮುರುಸು ತಂದಿರಬೇಕು, ಅದಕ್ಕೇ ಬಿಟ್ಟಿದ್ದೀಯ. ನನಗೂ ತರುತ್ತದೆ. ಹಾಗಾಗಿಯೇ ಅದು ಲೇಖನದಲ್ಲಿ ಇರಲೇಬೇಕು. ಎರಡನ್ನೂ ಅಕ್ಕಪಕ್ಕ ಇಡು, ಒಂದರಿಂದ ಇನ್ನೊಂದನ್ನು ಮುಚ್ಚಬೇಡ.

ಜೊತೆಗಾರ ಜಾರ್ಜ್ ವಾಕರ್‌ಗೆ ಒಂದೇ ಸಾಲು ಸಾಲದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1893ರಲ್ಲಿ ಭೇಟಿಯಾದ ಇಬ್ಬರೂ ಹಾಡು, ಕುಣಿತ, ಹಾಸ್ಯದ ತುಣುಕುಗಳ ವಾಡ್ವಿಲ್ ರಂಗದಲ್ಲಿ ಜೋಡಿಯಾಗಿ ಬೆಳೆದು, 1903ರಲ್ಲಿ ‘ಇನ್ ದಹೋಮಿ’ ಎಂಬ ಸಂಗೀತ ನಾಟಕವನ್ನು ನ್ಯೂಯಾರ್ಕಿನ ಬ್ರಾಡ್‌ವೇಗೆ ತಂದರು. ವಾಕರ್ ಕಾಯಿಲೆ ಬಿದ್ದ ಮೇಲೆ, 1910ರಲ್ಲಿ ವಿಲಿಯಮ್ಸ್ ಒಬ್ಬನೇ ಜೀಗ್‌ಫೆಲ್ಡ್ ಫಾಲೀಸ್ ಎಂಬ ಅದ್ದೂರಿ ರಂಗಪ್ರದರ್ಶನ ಸೇರಿದ. ಬಿಳಿಯ ನಟರ ನಡುವೆ ಒಂಟಿಯಾಗಿ ನಿಂತ ಆ ವರ್ಷಗಳು ಇನ್ನಷ್ಟು ವಿವರ ಬೇಡುತ್ತವೆ.

1922ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ರಂಗದ ಮೇಲೆ ಅವನು ಕುಸಿದಾಗ, ಅದೂ ಆಟದ್ದೇ ಭಾಗ ಅಂದುಕೊಂಡು ಜನ ನಕ್ಕರು. ಕೆಲವೇ ದಿನಗಳಲ್ಲಿ, 47ರ ವಯಸ್ಸಿನಲ್ಲಿ, ತೀರಿಕೊಂಡ. ಇದನ್ನು ಬರೆದ ಮೇಲೆ ನೀನು ‘ಎಂಥ ದುರಂತ!’ ಎಂದು ಸೇರಿಸಿದ್ದೀಯಲ್ಲ, ಅದನ್ನು ಹೊಡೆದುಹಾಕು.

ಮುಂದಿನ ಕರಡು ಆ ಪೋಕರ್ ಆಟದಿಂದಲೇ ಶುರುವಾಗಲಿ. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ