ತರಗತಿ, ನ್ಯಾಯಾಲಯದಿಂದ ವಿಧಾನಸೌಧಕ್ಕೆ: ಎಡವುವುದು ಕಾಗದಪತ್ರದಲ್ಲಿ

ಮಾನ್ಯರೇ,

ಮೇಷ್ಟ್ರುಗಳು, ವಕೀಲರು ರಾಜಕೀಯಕ್ಕೆ ಬರಬೇಕು ಎಂಬ ಮಾತು ಪ್ರತಿ ಚುನಾವಣೆಯ ಹೊತ್ತಿಗೂ ಕೇಳಿಬರುತ್ತದೆ. ಬರುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಈ ದಾರಿಯಲ್ಲಿ ಎಡವಿದ ಎಷ್ಟೋ ಮಂದಿಗೆ ಜನಬೆಂಬಲದ ಕೊರತೆ ಇರಲಿಲ್ಲ. ಒಂದು ರಾಜೀನಾಮೆ ತಡವಾಗಿ ಅಂಗೀಕಾರವಾಗಿದ್ದಕ್ಕೋ, ಒಂದು ಕಾಲಂ ಖಾಲಿ ಬಿಟ್ಟಿದ್ದಕ್ಕೋ ಅವರ ಆಸೆ ನಾಮಪತ್ರದ ಹಂತದಲ್ಲೇ ಮುಗಿದುಹೋಗುತ್ತದೆ. ಅದಕ್ಕಾಗಿ ಈ ಪತ್ರ.

ದಾರಿ ಹೊಸದಲ್ಲ. ಎಸ್.ಎಂ. ಕೃಷ್ಣ ಅವರು ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದವರು, 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದರು. ಸಿದ್ದರಾಮಯ್ಯ ಅವರು ಮೈಸೂರಿನಲ್ಲಿ ವಕೀಲಿ ಮಾಡುತ್ತ, ಕೆಲಕಾಲ ಕಾನೂನು ಪಾಠವನ್ನೂ ಮಾಡಿ, ತಾಲ್ಲೂಕು ಬೋರ್ಡ್ ಮೂಲಕ ಬಂದು 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಿಂದ ವಿಧಾನಸಭೆ ಪ್ರವೇಶಿಸಿದರು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ ಅವರು ಶಿಕ್ಷಕರೇ ಮತದಾರರಾಗಿರುವ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ ಸತತವಾಗಿ ಗೆಲ್ಲುತ್ತ 2022ರಲ್ಲಿ ಎಂಟನೇ ಬಾರಿ ವಿಧಾನ ಪರಿಷತ್ತಿಗೆ ಬಂದರು. ಪಕ್ಷ ಯಾವುದಾದರೂ ಇರಲಿ, ಮೂವರೂ ವೃತ್ತಿಯ ಬಲದಿಂದ ಬಂದವರು ಎಂಬುದು ಇಲ್ಲಿ ಮುಖ್ಯ.

ಮೊದಲು ಪಾಠ ಮತ್ತು ವಕೀಲಿ ಎರಡನ್ನೂ ಒಟ್ಟಿಗೆ ನಡೆಸುವ ವಿಚಾರ. ಪೂರ್ಣಾವಧಿ ಸಂಬಳ ಪಡೆಯುವ ಶಿಕ್ಷಕರು ವಕೀಲಿ ಮಾಡುವಂತಿಲ್ಲ, ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸನ್ನದು (ವಕೀಲಿ ಮಾಡುವ ಪರವಾನಗಿ) ಪಡೆದ ಮೇಲೆ ಕಾಯಂ ಉಪನ್ಯಾಸಕ ಹುದ್ದೆ ಸಿಕ್ಕರೆ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕು. ಆದರೆ ವಕೀಲರು ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು 1979ರ ನಿಯಮಗಳು ಅವಕಾಶ ಕೊಡುತ್ತವೆ, ದಿನಕ್ಕೆ ಮೂರು ಗಂಟೆ ಮೀರಬಾರದು ಅಷ್ಟೇ. ಎರಡೂ ವೃತ್ತಿಯನ್ನು ಜತೆಯಲ್ಲಿ ಇಟ್ಟುಕೊಳ್ಳಬಯಸುವವರಿಗೆ ಇದೇ ಸಕ್ರಮ ಮಾರ್ಗ.

ಶಾಲಾ ಶಿಕ್ಷಕರಾಗಿದ್ದುಕೊಂಡೇ ಎಲ್‌ಎಲ್‌.ಬಿ. ಮಾಡಿಬಿಡುತ್ತೇನೆ ಎನ್ನುವವರು ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಕಾನೂನು ಪದವಿಯನ್ನು ದೂರಶಿಕ್ಷಣದಲ್ಲಿ ಪಡೆಯಲು ಆಗದು, ಪ್ರತಿ ವಿಷಯದಲ್ಲೂ ಶೇ 70ರಷ್ಟು ಹಾಜರಿ ಬೇಕು. ಒಂದೇ ದಿನ ಒಂದೇ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಹೆಸರಿದ್ದರೆ ಸನ್ನದು ಕೊಡುವ ಹಂತದಲ್ಲಿ ಆಕ್ಷೇಪ ಏಳುತ್ತದೆ. ಮುಂದೆ ಚುನಾವಣೆಗೆ ನಿಂತಾಗ ಎದುರಾಳಿ ಮೊದಲು ಹುಡುಕುವ ಕಡತವೂ ಅದೇ. ಇಲಾಖೆಯ ಲಿಖಿತ ಅನುಮತಿ, ಬೇಕಾದಷ್ಟು ರಜೆ, ಅದರ ಮಂಜೂರಾತಿ ಆದೇಶ ಎಲ್ಲವೂ ಕೈಯಲ್ಲಿರಬೇಕು. ನೋಂದಣಿ ಶುಲ್ಕದ ಹೊರೆ ಮಾತ್ರ ಈಗ ಇಳಿದಿದೆ. ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಕೊಟ್ಟ ತೀರ್ಪಿನಂತೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ.

ಅತಿ ಹೆಚ್ಚು ಜನ ಎಡವುವುದು ಕೆಲಸ ಬಿಡುವ ದಿನಾಂಕದಲ್ಲಿ. ಸಂವಿಧಾನದ 191ನೇ ವಿಧಿ ಪ್ರಕಾರ ಸರ್ಕಾರದ ಅಡಿ ಲಾಭದಾಯಕ ಹುದ್ದೆಯಲ್ಲಿ ಇರುವವರು ಶಾಸಕರಾಗಲು ಅನರ್ಹರು. ಲೆಕ್ಕಕ್ಕೆ ಬರುವುದು ನಾಮಪತ್ರ ಪರಿಶೀಲನೆಯ ದಿನ. ಅಂದು ನೀವು ಸರ್ಕಾರಿ ನೌಕರರಾಗಿ ಉಳಿದಿರಬಾರದು. ರಾಜೀನಾಮೆ ಕೊಟ್ಟ ಸ್ವೀಕೃತಿ ಇದ್ದರೆ ಸಾಲದು, ಅಂಗೀಕಾರದ ಆದೇಶವೂ ಬಿಡುಗಡೆ ಪತ್ರವೂ ಬೇಕು. ಅಧಿಸೂಚನೆ ಹೊರಟ ಏಳನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ. ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಬೇಕು. ಈ ಎರಡು ಅವಧಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಟಿಕೆಟ್ ಖಚಿತವಾದ ಮೇಲೆ ಕೆಲಸ ಬಿಡುತ್ತೇನೆ ಎನ್ನುವವರ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. ಅವಸರದಲ್ಲಿ ಸ್ವಯಂ ನಿವೃತ್ತಿಯ ಬದಲು ರಾಜೀನಾಮೆ ಬರೆದುಕೊಟ್ಟರೆ ಹಿಂದಿನ ಸೇವೆ ಪಿಂಚಣಿಯ ಲೆಕ್ಕದಿಂದ ಹೋಗುತ್ತದೆ. ಸೋತರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ. ಇಲಾಖಾ ವಿಚಾರಣೆ ಬಾಕಿ ಇದ್ದರಂತೂ ಅಂಗೀಕಾರ ಎಷ್ಟು ತಡವಾಗುತ್ತದೆ ಎಂದು ಯಾರೂ ಹೇಳಲಾರರು.

ಅನುದಾನಿತ ಸಂಸ್ಥೆಯವರ ಪ್ರಶ್ನೆ ಸ್ವಲ್ಪ ಜಟಿಲ. ನೇಮಕ ಮಾಡಿದವರು ಆಡಳಿತ ಮಂಡಳಿ, ಸಂಬಳ ಬರುವುದು ಸರ್ಕಾರದಿಂದ. ನೇಮಿಸುವವರು ಯಾರು, ತೆಗೆದುಹಾಕುವ ಅಧಿಕಾರ ಯಾರದು, ದುಡ್ಡು ಯಾರದು, ಕೆಲಸದ ಮೇಲಿನ ಹಿಡಿತ ಯಾರದು ಎಂಬ ನಾಲ್ಕನ್ನೂ ನ್ಯಾಯಾಲಯಗಳು ಸೇರಿಸಿ ನೋಡುತ್ತವೆ. ಹಾಗಾಗಿ ನೆರೆಯ ಕಾಲೇಜಿನವರಿಗೆ ಏನೂ ಆಗಲಿಲ್ಲ ಎಂಬ ಧೈರ್ಯದ ಮೇಲೆ ಹೋಗಬಾರದು. ವಕೀಲರಲ್ಲಿ ಸರ್ಕಾರಿ ಅಭಿಯೋಜಕರು, ಸರ್ಕಾರಿ ವಕೀಲರು ಆಗಿರುವವರಿಗೂ ಇದೇ ಎಚ್ಚರ ಬೇಕು. ಯಾವ ಹುದ್ದೆಗೆ ವಿನಾಯಿತಿ ಇದೆ ಎಂಬುದು ರಾಜ್ಯದ 1956ರ ಅನರ್ಹತಾ ನಿವಾರಣಾ ಕಾಯ್ದೆಯ ಪಟ್ಟಿಯಲ್ಲಿದೆ, ನಾಮಪತ್ರಕ್ಕೆ ಮುಂಚೆ ಅದನ್ನು ಓದಲೇಬೇಕು.

ಖಾಸಗಿ ವಕೀಲರಿಗೆ ಈ ತೊಡಕಿಲ್ಲ. ಶಾಸಕರಾದ ಮೇಲೂ ಅವರು ಕೋರ್ಟಿಗೆ ಹೋಗಬಹುದು. ಶಾಸಕರು ಪೂರ್ಣಾವಧಿ ಸಂಬಳದ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಆದರೂ ಸರ್ಕಾರದ ವಿರುದ್ಧ ಸದನದಲ್ಲಿ ಎತ್ತಿದ ವಿಷಯದಲ್ಲೇ ಕಕ್ಷಿದಾರರ ಪರ ವಕಾಲತ್ತು ಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾನೂನು ತಡೆಯದಿದ್ದರೂ ವೃತ್ತಿಧರ್ಮ ತಡೆಯಬೇಕು.

ನಾಮಪತ್ರದ ಜತೆ ಕೊಡುವ 26ನೇ ನಮೂನೆಯ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡುವಂತಿಲ್ಲ. ಆಸ್ತಿ ಇಲ್ಲದಿದ್ದರೆ ‘ಇಲ್ಲ’, ಸಂಬಂಧಪಡದಿದ್ದರೆ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕು. ಗೆರೆ ಎಳೆದು ಬಿಟ್ಟರೆ ಚುನಾವಣಾಧಿಕಾರಿ ನೋಟಿಸ್ ಕೊಡುತ್ತಾರೆ. ಆಗಲೂ ಸರಿಪಡಿಸದಿದ್ದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಾಮಪತ್ರ ತಿರಸ್ಕರಿಸಬಹುದು. ಇದಕ್ಕಿಂತ ಸಣ್ಣದಾಗಿ ಕಂಡರೂ ಇಷ್ಟೇ ಅಪಾಯಕಾರಿಯಾದದ್ದು ಅಭ್ಯರ್ಥಿಯ ಪ್ರಮಾಣವಚನ. ಅದನ್ನು ನಾಮಪತ್ರ ಸಲ್ಲಿಸಿದ ನಂತರ, ಪರಿಶೀಲನೆಯ ಹಿಂದಿನ ದಿನದೊಳಗೆ ಮಾಡಬೇಕು. ಪರಿಶೀಲನೆಯ ಬೆಳಿಗ್ಗೆ ಹೋಗಿ ಮಾಡಿದರೆ ಲೆಕ್ಕಕ್ಕಿಲ್ಲ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ.

ಇನ್ನು ವಿಧಾನ ಪರಿಷತ್ತು. 75 ಸದಸ್ಯರಲ್ಲಿ ಶಿಕ್ಷಕರ ಕ್ಷೇತ್ರದಿಂದ 7, ಪದವೀಧರರ ಕ್ಷೇತ್ರದಿಂದ 7 ಮಂದಿ. ವಯಸ್ಸು 30 ತುಂಬಿರಬೇಕು, ವಿಧಾನಸಭೆಗಾದರೆ 25 ಸಾಕು. ಶಿಕ್ಷಕರ ಕ್ಷೇತ್ರದಲ್ಲಿ ನಿಲ್ಲಲು ಶಿಕ್ಷಕರಾಗಿರಲೇಬೇಕು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಪದವೀಧರರ ಕ್ಷೇತ್ರದ ಅಭ್ಯರ್ಥಿ ಪದವೀಧರರಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ತೀರ್ಮಾನಿಸಿದೆ. ಶಿಕ್ಷಕರ ಹೆಸರಿನ ಕ್ಷೇತ್ರಕ್ಕೆ ಉದ್ಯಮಿಗಳು ಬಂದು ನಿಲ್ಲುವುದು ಇದರಿಂದಲೇ ಸಾಧ್ಯವಾಗಿದೆ.

ಮತ ಹಾಕುವವರಿಗೆ ಮಾತ್ರ ಷರತ್ತು ಬಿಗಿ. ಅರ್ಹತಾ ದಿನಾಂಕ ನವೆಂಬರ್ 1. ಶಿಕ್ಷಕರು ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ಪದವೀಧರರಿಗೆ ಪದವಿ ಪಡೆದು ಮೂರು ವರ್ಷ ಆಗಿರಬೇಕು. ಹೆಸರು ಸೇರಿಸುವ ಅರ್ಜಿ ಶಿಕ್ಷಕರಿಗೆ ನಮೂನೆ 19, ಪದವೀಧರರಿಗೆ ನಮೂನೆ 18. ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ತಯಾರಿಸುತ್ತಾರೆ. ಹೋದ ಸಲ ಹೆಸರಿತ್ತು ಎಂದು ಸುಮ್ಮನೆ ಕೂತವರ ಹೆಸರು ಈ ಸಲ ಇರುವುದಿಲ್ಲ. ಮತಗಟ್ಟೆಯಲ್ಲಿ ಏಳುವ ಜಗಳಗಳಲ್ಲಿ ಬಹುಪಾಲು ಈ ಒಂದು ಸಂಗತಿ ತಿಳಿಯದ್ದರಿಂದ ಆಗುವಂಥವು. ಮೂರು ವರ್ಷದ ಸೇವೆ ಎರಡು ಸಂಸ್ಥೆಗಳಲ್ಲಿ ಹಂಚಿಹೋಗಿದ್ದರೆ ಎರಡೂ ಕಡೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಪಕ್ಷದವರು ಕಟ್ಟುಗಟ್ಟಲೆ ತಂದುಕೊಟ್ಟ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅರ್ಹ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಾಗಿ ಕಳಿಸಬಹುದು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇಲ್ಲಿ ಮತವಿಲ್ಲ ಎಂಬುದು ದೊಡ್ಡ ಅನ್ಯಾಯ ಎಂದೇ ನಾವು ಭಾವಿಸುತ್ತೇವೆ. ಆದರೆ ಅದು ಸಂವಿಧಾನದ 171ನೇ ವಿಧಿಯಲ್ಲೇ ಇರುವ ಮಿತಿ, ರಾಜ್ಯ ಸರ್ಕಾರದ ಒಂದು ಆದೇಶದಿಂದ ಬದಲಾಗದು. ಪದವಿ ಇರುವ ಪ್ರಾಥಮಿಕ ಶಿಕ್ಷಕರು ಪದವೀಧರರ ಪಟ್ಟಿಯಲ್ಲಾದರೂ ಹೆಸರು ಬರೆಸಿಕೊಳ್ಳಲಿ.

ಓದಿದವರೇ ಮತದಾರರಾದರೂ ಅಸಿಂಧು ಮತಗಳಿಗೆ ಇಲ್ಲಿ ಬರವಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ ಅಭ್ಯರ್ಥಿಗಳ ಮುಂದೆ ತಮ್ಮ ಪ್ರಾಶಸ್ತ್ಯದ (ಆಯ್ಕೆಯ) ಕ್ರಮವನ್ನು 1, 2, 3 ಎಂದು ಅಂಕಿಯಲ್ಲಿ ಬರೆಯಬೇಕು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಸರಿ ಗುರುತು ಹಾಕಿದರೆ, ಇಬ್ಬರ ಮುಂದೆ 1 ಬರೆದರೆ, ಅಭ್ಯಾಸಬಲದಿಂದ ಕೆಳಗೆ ಸಹಿ ಹಾಕಿದರೆ ಮತ ವ್ಯರ್ಥ. ಗೆಲ್ಲಲು ಸಿಂಧು ಮತಗಳ ಅರ್ಧಕ್ಕೆ ಒಂದು ಸೇರಿಸಿದಷ್ಟು ಬೇಕು, ಅಂದರೆ 10,000 ಸಿಂಧು ಮತಗಳಿದ್ದರೆ 5,001. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅಷ್ಟು ಮುಟ್ಟದಿದ್ದರೆ ಕಡೆಯ ಸ್ಥಾನದವರನ್ನು ಕೈಬಿಟ್ಟು ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯವನ್ನು ಹಂಚುತ್ತ ಹೋಗುತ್ತಾರೆ. ‘ನನಗೆ ಮಾತ್ರ 1 ಹಾಕಿ, ಬೇರೇನೂ ಬರೆಯಬೇಡಿ’ ಎಂದು ಪ್ರಚಾರ ಮಾಡುವ ಅಭ್ಯರ್ಥಿ ಉಳಿದವರ ಬೆಂಬಲಿಗರಿಂದ ಎರಡನೇ ಪ್ರಾಶಸ್ತ್ಯ ಕೇಳುವುದನ್ನು ಮರೆತರೆ ಮೊದಲ ಸುತ್ತಿನಲ್ಲಿ ಮುಂದಿದ್ದೂ ಕಡೆಯಲ್ಲಿ ಸೋಲಬಹುದು.

ಗೆದ್ದ ಮೇಲೆ ಈ ಎರಡು ವೃತ್ತಿಗಳ ಕಸುಬು ಎಲ್ಲಿ ಉಪಯೋಗಕ್ಕೆ ಬರುತ್ತದೆ? ಭಾಷಣಕ್ಕಿಂತ ಹೆಚ್ಚಾಗಿ ಸಮಿತಿಯ ಕೋಣೆಯಲ್ಲಿ. ಶಿಕ್ಷಣವು ಸಂವಿಧಾನದ 42ನೇ ತಿದ್ದುಪಡಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿದೆ. ಕೇಂದ್ರದ ಕಾಯ್ದೆಗೆ ವಿರುದ್ಧವಾಗುವ ರಾಜ್ಯ ಕಾಯ್ದೆ ಉಳಿಯಬೇಕಾದರೆ ರಾಷ್ಟ್ರಪತಿ ಅಂಕಿತ ಬೇಕು. ನಮ್ಮ 1983ರ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ ಎಂಬುದನ್ನು ನೆನಪಿಟ್ಟರೆ ಮಸೂದೆ ಪಾಸಾಗುವುದಕ್ಕೂ ಅದು ಶಾಲೆಯ ಬಾಗಿಲಿಗೆ ಬರುವುದಕ್ಕೂ ಇರುವ ದೂರ ಅರ್ಥವಾಗುತ್ತದೆ. ಶಿಕ್ಷಕರ ನೇಮಕ, ಬಡ್ತಿ, ವರ್ಗಾವಣೆಯ ಗೋಳುಗಳಲ್ಲಿ ಬಹಳಷ್ಟು ಹುಟ್ಟುವುದು ಕಾಯ್ದೆಯ ಅಡಿ ಅಧಿಕಾರಿಗಳು ರಚಿಸುವ ನಿಯಮಗಳಲ್ಲಿ. ಅವನ್ನು ಪರಿಶೀಲಿಸುವುದು ಅಧೀನ ಶಾಸನ ರಚನಾ ಸಮಿತಿಯ ಕೆಲಸ. ಅಲ್ಲಿ ಒಬ್ಬ ಒಳ್ಳೆಯ ವಕೀಲ, ಒಬ್ಬ ಅನುಭವಿ ಮೇಷ್ಟ್ರು ಕೂತು ಕರಡನ್ನು ಸಾಲು ಸಾಲಾಗಿ ಓದಿದರೆ ಸಾವಿರಾರು ರಿಟ್ ಅರ್ಜಿಗಳು ಹುಟ್ಟುವ ಮುಂಚೆಯೇ ನಿಲ್ಲುತ್ತವೆ. ಪರಿಷತ್ತಿನ ಅಧಿಕಾರದ ಮಿತಿಯನ್ನೂ ಅರಿತಿರಬೇಕು. ಧನ ಮಸೂದೆಯನ್ನು (ಮನಿ ಬಿಲ್) ಅದು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಒಂದು ತಿಂಗಳು ತಡೆಯಬಹುದು, ಅಷ್ಟೇ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಅದನ್ನು ಪಾಲಿಸಿ ಎಂದು ಕೇಳುವ ಕೆಲಸ ಮೊದಲು ಈ ಸದಸ್ಯರದು.

ಕಡೆಯದಾಗಿ ದುಡ್ಡಿನ ಮಾತು. ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆ ಅಭ್ಯರ್ಥಿಯ ವೆಚ್ಚಕ್ಕೆ 2022ರಿಂದ 40 ಲಕ್ಷ ರೂಪಾಯಿ ಮಿತಿ ಇದೆ. ಪರಿಷತ್ ಚುನಾವಣೆಗೆ ಮಿತಿಯೇ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 76ನೇ ಕಲಂ ವೆಚ್ಚದ ಅಧ್ಯಾಯವನ್ನು ಲೋಕಸಭೆ, ವಿಧಾನಸಭೆಗಳಿಗಷ್ಟೇ ಸೀಮಿತಗೊಳಿಸಿದೆ. ಸಂಬಳದಲ್ಲಿ ಬದುಕಿದ ಶಿಕ್ಷಕರು ಶಿಕ್ಷಕರ ಕ್ಷೇತ್ರದಲ್ಲೇ ನಿಲ್ಲಲು ಹಿಂಜರಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆ ಕಲಮಿಗೆ ‘ವಿಧಾನ ಪರಿಷತ್ತು’ ಎಂದು ಸೇರಿಸುವ ತಿದ್ದುಪಡಿಯನ್ನು ನಮ್ಮ ಸಂಸದರು ಸಂಸತ್ತಿನಲ್ಲಿ ತರಬೇಕು. ಆಗ್ನೇಯ ಮತ್ತು ಪಶ್ಚಿಮ ಪದವೀಧರರ, ಈಶಾನ್ಯ ಮತ್ತು ಬೆಂಗಳೂರು ಶಿಕ್ಷಕರ ಕ್ಷೇತ್ರಗಳಿಗೆ 2020ರಲ್ಲಿ ಚುನಾವಣೆ ನಡೆದಿತ್ತು, ಆರು ವರ್ಷದ ಆ ಅವಧಿ 2026ಕ್ಕೆ ಮುಗಿಯುತ್ತದೆ. ಕಾಯ್ದೆ ಬದಲಾಗುವವರೆಗೆ ಕಾಯದೆ, ಅಲ್ಲಿ ನಿಲ್ಲುವ ಅಭ್ಯರ್ಥಿಗಳು ತಾವಾಗಿಯೇ ಖರ್ಚಿನ ಲೆಕ್ಕವನ್ನು ಮತದಾರರ ಮುಂದಿಡಲಿ. ಶಿಕ್ಷಕರ ಸಂಘಗಳೂ ವಕೀಲರ ಸಂಘಗಳೂ ಬೆಂಬಲ ಘೋಷಿಸುವ ಮುಂಚೆ ಆ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ.

ಇಂತಿ,
ಕಾನೂನು ಕಾಲೇಜಿನ ನಿವೃತ್ತ ಅಧ್ಯಾಪಕರು ಮತ್ತು ವಕೀಲರು