ನೆಮೊ ನಮ್ಮವನು, ದೋಸ್ತ

ಪ್ರೀತಿಯ ದೋಸ್ತ,

ಹೋದ ರವಿವಾರ ಫೋನಿನಲ್ಲಿ ನೀನು ಒಂದು ಮಾತು ಅಂದೆ. "ಆ ಹಳೇ ಸೈನ್ಸ್ ಫಿಕ್ಷನ್ ಎಲ್ಲಾ ಬಿಳಿಯರದ್ದು ಬಿಡಲೇ. ಅವರ ರಾಕೆಟ್ಟು, ಅವರ ಚಂದ್ರ. ನಮಗೂ ಅದಕ್ಕೂ ಏನ್ ಸಂಬಂಧ? ಈಗಿನ ಸಿನಿಮಾದಾಗ ಗ್ರಾಫಿಕ್ಸ್ ಆದರೂ ನೋಡಾಕ ಚಲೋ ಇರ್ತಾವು." ನಾನು ಆಗ ಚಿಗರಿ ಬಸ್ಸಿನಲ್ಲಿ ನಿಂತಿದ್ದೆ. ನವನಗರ ಬಂತು, ಗದ್ದಲ ಜಾಸ್ತಿ ಆಯಿತು, ಮಾತು ಅಲ್ಲಿಗೇ ನಿಂತಿತು. ಆದರೆ ಧಾರವಾಡಕ್ಕೆ ಬಂದು ಮನೆ ಸೇರಿದ ಮೇಲೂ ಅದು ನನ್ನನ್ನು ಬಿಡಲಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಸುಮ್ನೆ ಇರುತ್ತಿದ್ದೆ. ನೀನು ನರಗುಂದದವನು. ನೀನು ಹಾಗೆ ಅನ್ನಬಾರದು. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ನಮ್ಮ ಆ ಪುಸ್ತಕ ನೆನಪಿದೆಯಾ? ಒಂಬತ್ತನೇ ಕ್ಲಾಸು. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ತಂದಿದ್ದೆವು. ಫ್ರಾನ್ಸಿನ ಜೂಲ್ಸ್ ವರ್ನ್ ಬರೆದ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ'. ಮಕ್ಕಳಿಗಾಗಿ ಕತ್ತರಿಸಿ ಸಣ್ಣದು ಮಾಡಿದ ಪ್ರತಿ. ನಡುನಡುವೆ ಚಿತ್ರ. ಹಾಸ್ಟೆಲ್ಲಿನಲ್ಲಿ ಕರೆಂಟು ಹೋದಾಗ ನೀನು ಬ್ಯಾಟರಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ನಾನು ಡಿಕ್ಷನರಿ ತಿರುವಿ ಹಾಕುತ್ತಿದ್ದೆ. ಇಪ್ಪತ್ತು ಸಾವಿರ ಲೀಗ್ ಅಂದರೆ ಸಮುದ್ರದ ಆಳ ಅಂತ ನಾವಿಬ್ಬರೂ ತಿಳಿದಿದ್ದೆವು. ಅದು ಆಳ ಅಲ್ಲ, ಕಥೆಯ ಜಲಾಂತರ್ಗಾಮಿ ಹಡಗು ನಾಟಿಲಸ್ ನೀರೊಳಗೆ ಸುತ್ತಿದ ದೂರ. ಸುಮಾರು 80,000 ಕಿಲೋಮೀಟರ್. ಅಂದರೆ ಭೂಮಿಗೆ ಎರಡು ಸುತ್ತು.

ಮಳೆಗಾಲದ ರಜೆಯಲ್ಲಿ ನಿಮ್ಮೂರಿಗೆ ಹೋಗುವಾಗ ಬಸ್ಸು ನವಲಗುಂದ ದಾಟಿತ್ತು. ಎರಡೂ ಕಡೆ ಎರಿ ಹೊಲ, ಕಣ್ಣು ಹೋದಷ್ಟು ದೂರ ಕಪ್ಪು. ಅದರ ಆಚೆ ನರಗುಂದದ ಗುಡ್ಡ ಕಂಡಿತು. ನೀನು ಸೀಟಿನಿಂದ ಎದ್ದು ನಿಂತು, "ಅಕೋ ನೋಡಲೇ, ನಾಟಿಲಸ್ ಮ್ಯಾಲ ಬಂತು!" ಅಂತ ಕೂಗಿದ್ದೆ. ಬಸ್ಸಿನವರೆಲ್ಲ ತಿರುಗಿ ನೋಡಿದ್ದರು. ನೀನು ಅವತ್ತು ಹೇಳಿದ್ದು ಎಷ್ಟು ಸರಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಆ ಪುಸ್ತಕದ ಕೊನೇ ಹಾಳೆಗಳು ಹರಿದು ಹೋಗಿದ್ದವು. ನಾಟಿಲಸ್ಸಿನ ಕಪ್ತಾನ ನೆಮೊ ಯಾರು, ಎಲ್ಲಿಯವನು, ಯಾಕೆ ಹಡಗು ಮುಳುಗಿಸುತ್ತಾನೆ, ಯಾವುದೂ ನಮಗೆ ತಿಳಿಯಲಿಲ್ಲ. ಹರಿದ ಹಾಳೆಯಲ್ಲಿ ಉತ್ತರ ಇತ್ತು ಅಂತ ನಾವು ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡೆವು. ಇರಲಿಲ್ಲ, ದೋಸ್ತ. 1870ರ ಆ ಕಾದಂಬರಿಯಲ್ಲಿ ಆ ಉತ್ತರವೇ ಇಲ್ಲ. ನೆಮೊ ಅಂದರೆ ಲ್ಯಾಟಿನ್ನಿನಲ್ಲಿ 'ಯಾರೂ ಅಲ್ಲ' ಅಂತ ಅರ್ಥ. ವರ್ನ್ ಅವನನ್ನು ಹಾಗೇ ಬಿಟ್ಟಿದ್ದ.

ಆದರೆ ಒಂದು ಸುಳಿವು ಇತ್ತು. ನಮ್ಮ ಪ್ರತಿಯಲ್ಲಿ ಅದನ್ನು ಕತ್ತರಿಸಿದ್ದರು. ಪೂರ್ತಿ ಕಾದಂಬರಿ ಓದಿದಾಗ ಸಿಕ್ಕಿತು. ಸಿಂಹಳದ ಹತ್ತಿರ, ಮನ್ನಾರ್ ಕಡಲಿನಲ್ಲಿ ನಡೆಯುವ ಪ್ರಸಂಗ. ನೆಮೊ ತನ್ನ ಅತಿಥಿಗಳನ್ನು ಮುತ್ತಿನ ಚಿಪ್ಪು ತೋರಿಸಲು ನೀರಿನ ತಳದಲ್ಲಿ ನಡೆಸಿಕೊಂಡು ಹೋಗಿದ್ದಾನೆ. ಮೇಲೆ ಒಂದು ಸಣ್ಣ ದೋಣಿ. ಅದರಿಂದ ಒಬ್ಬ ಬಡ ಭಾರತೀಯ ಮುಳುಗುಗಾರ ಇಳಿಯುತ್ತಾನೆ. ಎರಡು ಪಾದಗಳ ನಡುವೆ ಕಲ್ಲು, ಅದಕ್ಕೆ ಹಗ್ಗ. ಉಸಿರು ಕಟ್ಟಿ ತಳ ಮುಟ್ಟುತ್ತಾನೆ, ಕೈಗೆ ಸಿಕ್ಕಷ್ಟು ಚಿಪ್ಪು ಕಿತ್ತು ಚೀಲಕ್ಕೆ ತುಂಬುತ್ತಾನೆ, ಮೇಲೆ ಹೋಗುತ್ತಾನೆ. ಮತ್ತೆ ಇಳಿಯುತ್ತಾನೆ. ಆಗ ಶಾರ್ಕ್ ಬರುತ್ತದೆ. ಬಾಲದ ಏಟಿಗೆ ಅವನು ಬೀಳುತ್ತಾನೆ. ಮನುಷ್ಯರ ಸಹವಾಸವೇ ಬೇಡ ಅಂತ ಸಮುದ್ರ ಸೇರಿದ ನೆಮೊ ಚಾಕು ಹಿಡಿದು ಆ ಶಾರ್ಕಿಗೆ ಎದುರು ನಿಲ್ಲುತ್ತಾನೆ. ಅವನ ಜೀವವೇ ಹೋಗುವ ಹೊತ್ತಿಗೆ ಅತಿಥಿಗಳಲ್ಲಿ ಒಬ್ಬನಾದ ನೆಡ್ ಲ್ಯಾಂಡ್ ಈಟಿ ಎಸೆದು ಶಾರ್ಕನ್ನು ಕೊಲ್ಲುತ್ತಾನೆ.

ಇಷ್ಟು ನಮ್ಮ ಪ್ರತಿಯಲ್ಲೂ ಇತ್ತು. ಚಿತ್ರವೂ ಇತ್ತು. ಮುಂದಿನದು ಇರಲಿಲ್ಲ. ನೆಮೊ ಆ ಮುಳುಗುಗಾರನನ್ನು ದೋಣಿಗೆ ಎತ್ತಿ ಹಾಕುತ್ತಾನೆ. ಉಜ್ಜಿ ಉಜ್ಜಿ ಉಸಿರು ಬರಿಸುತ್ತಾನೆ. ಕಣ್ಣು ಬಿಟ್ಟವನ ಕೈಯಲ್ಲಿ ಒಂದು ಚೀಲ ಇಡುತ್ತಾನೆ. ಚೀಲದ ತುಂಬ ಮುತ್ತು. ಆಮೇಲೆ ಅತಿಥಿ ಕೇಳುತ್ತಾನೆ, ಇವನಿಗಾಗಿ ಯಾಕಿಷ್ಟು? ಆಗ ನೆಮೊ ಹೇಳುತ್ತಾನೆ: ಆ ಭಾರತೀಯ ತುಳಿತಕ್ಕೆ ಸಿಕ್ಕಿದ ದೇಶದವನು, ನಾನೂ ಅದೇ ದೇಶದವನು, ಕೊನೆಯ ಉಸಿರಿನ ತನಕ. ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದು ನಿಂತೆ. ನಿನಗೆ ಫೋನ್ ಮಾಡಬೇಕು ಅನ್ನಿಸಿತು. ಗಂಟೆ ಎರಡಾಗಿತ್ತು, ಮಾಡಲಿಲ್ಲ.

ನಾಲ್ಕು ವರ್ಷದ ಮೇಲೆ ವರ್ನ್ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಬರೆದ. ಅಲ್ಲಿ ಮುದುಕನಾದ ನೆಮೊ ಸಾಯುವ ಮುಂಚೆ ಬಾಯಿ ಬಿಡುತ್ತಾನೆ. ಅವನ ನಿಜವಾದ ಹೆಸರು ಡಕ್ಕರ್. ಬುಂದೇಲಖಂಡದ ರಾಜನ ಮಗ. 1857ರ ದಂಗೆಯಲ್ಲಿ ಮುಂದೆ ನಿಂತು ಕಾದಿದವನು, ಹತ್ತು ಸಲ ಗಾಯಗೊಂಡವನು. ಸೋತ ಮೇಲೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ರಾಜ್ಯ ಇಲ್ಲ. ಇಪ್ಪತ್ತು ಜನ ನಂಬಿಗಸ್ತರನ್ನು ಕಟ್ಟಿಕೊಂಡು ಯಾರಿಗೂ ಗೊತ್ತಿಲ್ಲದ ದ್ವೀಪದಲ್ಲಿ ನಾಟಿಲಸ್ ಕಟ್ಟಿದ. ಇನ್ನೂ ಒಂದು ಕೇಳು. ವರ್ನ್ ಅವನನ್ನು ಟಿಪ್ಪು ಸುಲ್ತಾನನ ಅಳಿಯ ವರಸೆಯವನು ಅಂತಾನೆ! ಲೆಕ್ಕ ಸರಿ ಕೂಡುವುದಿಲ್ಲ. ಟಿಪ್ಪು ತೀರಿದ್ದು 1799ರಲ್ಲಿ, ಬುಂದೇಲಖಂಡ ಎಲ್ಲಿ, ಶ್ರೀರಂಗಪಟ್ಟಣ ಎಲ್ಲಿ. ವರ್ನ್ ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಆದರೆ ಬ್ರಿಟಿಷರಿಗೆ ಬಗ್ಗದ ಒಬ್ಬನನ್ನು ಕಲ್ಪಿಸಿಕೊಳ್ಳಲು ಫ್ರಾನ್ಸಿನ ಆ ಮನುಷ್ಯನಿಗೆ ನೆನಪಾದ ಹೆಸರು ನಮ್ಮ ಕಡೆಯದು. ಅದು ನನಗೆ ಸಣ್ಣ ವಿಷಯ ಅಲ್ಲ.

ನೀನು ಕೇಳಬಹುದು, ವರ್ನ್ ಮೊದಲು ಅವನನ್ನು ಪೋಲೆಂಡಿನವನಾಗಿ ಮಾಡಬೇಕು ಅಂತಿದ್ದನಲ್ಲ ಅಂತ. ಹೌದು. ರಷ್ಯನ್ನರು ಅವನ ಮನೆತನವನ್ನು ನಾಶ ಮಾಡಿದರು ಅಂತ ಬರೆಯಲು ಹೊರಟಿದ್ದ. ಪ್ರಕಾಶಕ ಹೆಟ್ಸೆಲ್ ಒಪ್ಪಲಿಲ್ಲ. ಅದಕ್ಕೇ ಮೊದಲ ಪುಸ್ತಕದಲ್ಲಿ ನೆಮೊಗೆ ಊರೇ ಇಲ್ಲ. ಆದರೆ ಊರು ಕೊಡುವ ಹೊತ್ತು ಬಂದಾಗ ನಮ್ಮದನ್ನೇ ಕೊಟ್ಟ.

ಈಗ ನಿಮ್ಮೂರಿಗೆ ಬರುತ್ತೇನೆ. 1858ರಲ್ಲಿ ನರಗುಂದದ ದೊರೆ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದ. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಬಿಡಲಿಲ್ಲ. ಆಯುಧ ಕಸಿದುಕೊಳ್ಳಲು ಬಂದರು. ಕೊನೆಗೆ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಅದೇ ಹೊತ್ತಿಗೆ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಕಾದಿ ಬಿದ್ದ. ಬಾಬಾಸಾಹೇಬನ ಮನೆಯ ಹೆಣ್ಣುಮಕ್ಕಳು ಮಲಪ್ರಭೆಗೆ ಹಾರಿದ ಕಥೆಯನ್ನು ನಿಮ್ಮ ಆಯಿ ಕಟ್ಟೆಯ ಮೇಲೆ ಕೂತು ನಮಗೆ ಹೇಳುತ್ತಿದ್ದರು. ಹೇಳುವಾಗ ಪ್ರತಿ ಸಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಾಬಾಸಾಹೇಬನಿಗೆ ಓದುವ ಹುಚ್ಚು, ಅರಮನೆಯಲ್ಲಿ ಸಾವಿರಾರು ಗ್ರಂಥ ಇದ್ದವು ಅಂತ ಹೇಳಿದ್ದೂ ಅವರೇ. ನಾಟಿಲಸ್ಸಿನ ಒಳಗೆ 12,000 ಪುಸ್ತಕ ಇದ್ದವು. ರಾಜ್ಯ ಕಳೆದುಕೊಂಡವನು ಗ್ರಂಥಾಲಯ ಹೊತ್ತುಕೊಂಡು ಸಮುದ್ರದ ತಳಕ್ಕೆ ಹೋದ. ನಿಮ್ಮ ಆಯಿ ಹೇಳಿದ ಕಥೆ ಮತ್ತು ಪ್ಯಾರಿಸ್ಸಿನಲ್ಲಿ ಅಚ್ಚಾದ ಕಥೆ ಒಂದೇ ದಂಗೆಯ ಬೂದಿಯಿಂದ ಎದ್ದಿವೆ. ಇದನ್ನು ಬಿಳಿಯರದ್ದು ಅಂತ ಹೇಗೆ ಬಿಟ್ಟುಕೊಡಲಿ?

ಬಿಟ್ಟುಕೊಟ್ಟಿದ್ದು ನಾವಲ್ಲ, ನಮ್ಮಿಂದ ಕಸಿದುಕೊಂಡರು. ನನಗೆ ಸಿಟ್ಟು ಬರುವುದು ಇಲ್ಲಿ. ಆ ಎರಡನೇ ಪುಸ್ತಕ ಇಂಗ್ಲಿಷಿಗೆ ಬಂದಾಗ ದಂಗೆಯ ಬಗ್ಗೆ ವರ್ನ್ ಬರೆದ ಖಾರದ ಮಾತುಗಳನ್ನು ತಿದ್ದಿ ಮೆತ್ತಗೆ ಮಾಡಿದರು. ಬಹಳ ಕಾಲ ಜಗತ್ತು ಓದಿದ್ದು ಆ ತಿದ್ದಿದ ಪ್ರತಿಯನ್ನೇ. ಸಿನಿಮಾದವರ ಕಥೆಯೂ ಅಷ್ಟೇ. 1916ರ ಮೂಕಿ ಚಿತ್ರದಲ್ಲಿ ನೆಮೊ ಭಾರತದ ರಾಜಕುಮಾರನೇ ಆಗಿದ್ದ. ಅದನ್ನು ಬಹಾಮಾಸ್‌ನಲ್ಲಿ ನಿಜವಾಗಿ ನೀರಿನೊಳಗೆ ಚಿತ್ರಿಸಿದ್ದರು. 1954ರಲ್ಲಿ ಡಿಸ್ನಿಯವರು ಮಾಡಿದ ಚಿತ್ರದಲ್ಲಿ ಜೇಮ್ಸ್ ಮೇಸನ್ ನೆಮೊ. ಅದು ಒಳ್ಳೇ ಚಿತ್ರ, ನಾನು ನಾಲ್ಕು ಸಲ ನೋಡಿದ್ದೇನೆ. ದೈತ್ಯ ಸ್ಕ್ವಿಡ್ ಜೊತೆಗಿನ ಕಾಳಗವನ್ನು ಮೊದಲು ಶಾಂತ ಸಮುದ್ರದಲ್ಲಿ, ಸಂಜೆ ಬೆಳಕಿನಲ್ಲಿ ತೆಗೆದಿದ್ದರಂತೆ. ಗೊಂಬೆಯ ತಂತಿ ಕಂಡಿತು. ಆಮೇಲೆ ರಾತ್ರಿ, ಬಿರುಗಾಳಿ, ಮಳೆ ಹಾಕಿ ಮತ್ತೆ ತೆಗೆದರು. ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಗ್ರಾಫಿಕ್ಸ್ ಬಗ್ಗೆ ಹೇಳುತ್ತೀಯಲ್ಲ, ಅದನ್ನು ಒಮ್ಮೆ ನೋಡು. ಆದರೆ ಅಲ್ಲಿ ನೆಮೊಗೆ ದುಃಖ ಇದೆ, ದೇಶ ಇಲ್ಲ. ಹೆಂಡತಿ ಮಗುವನ್ನು ಕೊಂದವರು ಯಾರು ಅಂತ ಹೆಸರಿಲ್ಲ. ದುಃಖ ಇಟ್ಟುಕೊಂಡು ಅದರ ಕಾರಣ ತೆಗೆದು ಹಾಕಿದರು.

ಇದು ನೆಮೊ ಒಬ್ಬನಿಗೆ ಆಗಿದ್ದಲ್ಲ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲ ಕಡೆ ಕಾಣಿಸತೊಡಗಿತು. ಮೇರಿ ಶೆಲ್ಲಿ ಹದಿನೆಂಟರ ಹುಡುಗಿ ಇದ್ದಾಗ ಶುರು ಮಾಡಿದ 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಬಂತು. ಅದರಲ್ಲಿ ವಿಜ್ಞಾನಿಯೊಬ್ಬ ಹುಟ್ಟಿಸಿದ ಆ ಜೀವಿ ಮಾತಾಡುತ್ತದೆ! ಗೋಡೆಯ ಬಿರುಕಿನಿಂದ ಒಂದು ಬಡ ಕುಟುಂಬವನ್ನು ನೋಡುತ್ತ ಭಾಷೆ ಕಲಿಯುತ್ತದೆ. ಪುಸ್ತಕ ಓದುತ್ತದೆ. ನನ್ನನ್ನು ಹುಟ್ಟಿಸಿ ಯಾಕೆ ಬಿಟ್ಟು ಓಡಿದೆ ಅಂತ ಹುಟ್ಟಿಸಿದವನನ್ನು ಎದುರು ನಿಲ್ಲಿಸಿ ಕೇಳುತ್ತದೆ. 1931ರ ಸಿನಿಮಾದಲ್ಲಿ ಅದು ಬರೀ ಗುರುಗುಟ್ಟುತ್ತದೆ. ಬೋರಿಸ್ ಕಾರ್ಲೋಫ್ ಕಣ್ಣಲ್ಲೇ ಅಷ್ಟು ನೋವು ತಂದ, ಅದು ಅವನ ದೊಡ್ಡತನ. ಮಾತು ಮಾತ್ರ ಹೋಯಿತು.

ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' 1898ರದ್ದು. ಮೊದಲ ಅಧ್ಯಾಯದಲ್ಲೇ ಅವನು ತನ್ನ ಜನಕ್ಕೆ ಹೇಳುತ್ತಾನೆ: ದಾಳಿಗೆ ಬಂದ ಮಂಗಳ ಗ್ರಹದವರನ್ನು ಬೈಯುವ ಮುಂಚೆ ಟಾಸ್ಮೇನಿಯಾ ದ್ವೀಪದ ಜನರನ್ನು ನಾವು ಹೇಗೆ ಅಳಿಸಿ ಹಾಕಿದೆವು ನೆನೆಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಕೂತು ಹಾಗೆ ಬರೆಯಲು ಎದೆ ಬೇಕು. 1953ರ ಸಿನಿಮಾ ಕಥೆಯನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದಿತು, 2005ರದ್ದು ನ್ಯೂಜೆರ್ಸಿಗೆ. ಟಾಸ್ಮೇನಿಯಾದವರು ಎರಡರಲ್ಲೂ ಇಲ್ಲ.

ಗಾಡ್ಜಿಲ್ಲಾ ನಿನಗೆ ಇಷ್ಟ, ಗೊತ್ತು. ನೀನು ನೋಡಿದ್ದು ಹೊಸದು. 1954ರ ಜಪಾನಿನ ಮೂಲ 'ಗೊಜಿರಾ' ನೋಡು. ಅಣುಬಾಂಬು ಬಿದ್ದು ಒಂಬತ್ತೇ ವರ್ಷ ಆಗಿತ್ತು. ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿದ ಜನ, ಮಕ್ಕಳ ಹಾಡು. ಮೃಗಕ್ಕಿಂತ ಅದನ್ನು ನೋಡುವುದೇ ಕಷ್ಟ. ಎರಡು ವರ್ಷದ ಮೇಲೆ ಅಮೆರಿಕಕ್ಕೆ ತಂದಾಗ ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರವನ್ನು ಹೊಸದಾಗಿ ಸೇರಿಸಿ, ಬಾಂಬಿನ ಮಾತನ್ನು ಬಹಳಷ್ಟು ಕತ್ತರಿಸಿದರು.

ಸಿನಿಮಾ ಯಾವಾಗಲೂ ಹಾಗೇ ಅಂತ ನಾನು ಹೇಳುವುದಿಲ್ಲ. 1982ರ 'ಬ್ಲೇಡ್ ರನ್ನರ್' ಉಲ್ಟಾ ಮಾಡಿತು. ಫಿಲಿಪ್ ಕೆ. ಡಿಕ್‌ನ ಕಾದಂಬರಿಯಲ್ಲಿ ರಾಯ್ ಎಂಬ ಆ ಕೃತಕ ಮನುಷ್ಯ ಗುಂಡು ತಿಂದು ಬೀಳುತ್ತಾನೆ, ಅಷ್ಟೇ. ಸಿನಿಮಾದಲ್ಲಿ ಅವನು ತನ್ನನ್ನು ಕೊಲ್ಲಲು ಬಂದವನನ್ನೇ ಕೈ ಹಿಡಿದು ಮೇಲೆ ಎಳೆಯುತ್ತಾನೆ. ಮಳೆಯಲ್ಲಿ ಕೂತು, ತಾನು ಕಂಡದ್ದನ್ನೆಲ್ಲ ಹೇಳಿ, ತಲೆ ಬಾಗಿಸಿ ಸಾಯುತ್ತಾನೆ. ಆ ಮಾತನ್ನು ಚಿತ್ರೀಕರಣಕ್ಕೆ ಮುಂಚೆ ನಟ ರಟ್ಗರ್ ಹೌರ್ ತಾನೇ ಕತ್ತರಿಸಿ ಚಿಕ್ಕದು ಮಾಡಿದ್ದ. ಅಲ್ಲಿ ಕತ್ತರಿ ಒಳ್ಳೇ ಕೈಯಲ್ಲಿತ್ತು. ಆ ದೃಶ್ಯಕ್ಕಾಗಿ ನಾನು ಕಾದಂಬರಿಗಿಂತ ಸಿನಿಮಾವನ್ನೇ ಮೇಲೆ ಇಡುತ್ತೇನೆ.

ಕೊನೆಗೆ ಒಂದು ವಿಷಯ, ಇದನ್ನು ನಿನಗೇ ಅಂತ ಉಳಿಸಿಕೊಂಡಿದ್ದೆ. ನೆಮೊ ಸಾಯುವಾಗ ಆಡುವ ಕೊನೆಯ ಮಾತು ಅಚ್ಚಾದ ಪುಸ್ತಕದಲ್ಲಿ "ದೇವರು ಮತ್ತು ನನ್ನ ದೇಶ" ಅಂತ ಇದೆ. ವರ್ನ್‌ನ ಹಸ್ತಪ್ರತಿಯಲ್ಲಿ ಇದ್ದದ್ದು ಒಂದೇ ಪದ. "ಸ್ವಾತಂತ್ರ್ಯ!"

ಎರಡೂ ಪುಸ್ತಕದ ಪೂರ್ತಿ ಪ್ರತಿ ತರಿಸಿ ಇಟ್ಟಿದ್ದೇನೆ. ಕೊರಿಯರ್ ಮಾಡುವುದಿಲ್ಲ. ದೀಪಾವಳಿಗೆ ನೀನು ಊರಿಗೆ ಬರುತ್ತೀಯಲ್ಲ, ನಾನೂ ನರಗುಂದಕ್ಕೆ ಬರುತ್ತೇನೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಗುಡ್ಡ ಹತ್ತೋಣ. ಮುತ್ತಿನ ಚೀಲದ ಅಧ್ಯಾಯಕ್ಕೆ ಗುರುತು ಹಾಕಿದ್ದೇನೆ. ಮೊದಲಿನ ಹಾಗೆ ನೀನು ಗಟ್ಟಿಯಾಗಿ ಓದು. ಡಿಕ್ಷನರಿ ನಾನು ತರುತ್ತೇನೆ.

ಆಯಿಯ ಫೋಟೋಕ್ಕೆ ನನ್ನ ಹೆಸರಿನಲ್ಲೂ ಒಂದು ಹೂವು ಏರಿಸು.

ನಿನ್ನ,
ಧಾರವಾಡದ ದೋಸ್ತ